ತಂಗಿಯ ದಾರಿಗೆ ಅಡ್ಡ ನಿಂತ ಊರು

ಕಮಲಾಪುರ

ನನ್ನ ತಂಗಿ ಜಗದೇವಿ ಆಸ್ಟ್ರಿಯಾ ದೇಶದ ಬೆಟ್ಟದ ಸೀಮೆಯ ಒಬ್ಬ ಬಡಗಿಯನ್ನು ಮದುವೆಯಾಗುತ್ತೇನೆಂದು ತಿಳಿಸಿದ ದಿನ ನಮ್ಮಪ್ಪ ಸಿಟ್ಟಿಗೇಳಲಿಲ್ಲ, ಊಟ ಬಿಡಲಿಲ್ಲ. ಎದ್ದು ದನಗಳಿಗೆ ಮೇವು ಹಾಕಲು ಹೋದರು. ಮೇವು ಆಗಲೇ ಹಾಕಿಯಾಗಿತ್ತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಜಗದೇವಿ ಕಲಬುರಗಿಯಲ್ಲಿ ನರ್ಸಿಂಗ್ ಕಲಿತವಳು. ಅವಳಿಗೆ ಕಲಿಸಿದ ಕೇರಳದ ಸಿಸ್ಟರ್ ಒಬ್ಬರ ಕೃಪೆಯಿಂದ ಟಿರೋಲ್ ಎಂಬ ಪ್ರಾಂತ್ಯದ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿ, ಹೋಗಿ ಆರೇಳು ವರ್ಷವಾಗಿತ್ತು. ಆ ಬಡಗಿ ಹುಡುಗನ ಅಜ್ಜಿಯನ್ನು ಅಲ್ಲಿ ಕೊನೆಯವರೆಗೂ ನೋಡಿಕೊಂಡವಳು ಇವಳು. ಪರಿಚಯವಾದದ್ದು ಹಾಗೆ.

ಅಪ್ಪ ಮದುವೆಗೆ ಬರುವುದಿಲ್ಲವೆಂದರು. ಮದುವೆ ಬೇಡವೆಂದೂ ಅನ್ನಲಿಲ್ಲ. ಮಂದಿ ಯಾವ ಜಾತಿಯೆಂದು ಕೇಳಿದರೆ ಏನು ಹೇಳಲಿ ಎಂಬುದೊಂದೇ ಅವರ ಪ್ರಶ್ನೆ.

ಕೊನೆಗೆ ಗಂಗಮ್ಮ ಅತ್ತಿ ಬಾಯಿ ಬಿಟ್ಟಳು. ಅತ್ತಿ ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ನಮ್ಮವ್ವ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳೇ. ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡು, ಕನ್ನಡ ಉರ್ದು ಎರಡನ್ನೂ ಕಲಸಿ ಮಾತಾಡುತ್ತ, ಯಾರ ಹಂಗಿಗೂ ಬೀಳದೆ ಬದುಕಿದವಳು.

"ಹುಡುಗಿಗಿ ತಾಯಿ ಇಲ್ಲ. ತಂದಿ ಬರಂಗಿಲ್ಲ ಅಂತಾನ. ದಿಕ್ಕಿಲ್ಲದಕಿ ಹಂಗ ಅಕಿ ಒಬ್ಬಾಕಿ ನಿಂದ್ರಬೇಕೇನು? ನಾ ಹೋಗ್ತೇನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಇಂಗ್ಲಿಷ್ ಬರುವವಳು ನೀನು, ನಡೆ ಜೊತೆಗೆ ಎಂದು ಅಪ್ಪಣೆ ಕೊಟ್ಟಳು.

ನಾನು ಕಲಬುರಗಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವಳು. ನನ್ನ ಇಂಗ್ಲಿಷಿನ ಆಳ ನನಗೆ ಗೊತ್ತಿತ್ತು. ಆದರೆ ಬೇಸಿಗೆ ರಜೆ ನಡೆದಿತ್ತು, ಮಕ್ಕಳನ್ನು ನೋಡಿಕೊಳ್ಳುತ್ತೇನೆಂದು ನನ್ನ ಯಜಮಾನರು ಒಪ್ಪಿದ್ದರು, ಅತ್ತಿಯ ಎದುರು ಇಲ್ಲವೆಂದು ಹೇಳಿ ಗೆದ್ದವರನ್ನು ನಾನು ಕಂಡಿರಲಿಲ್ಲ.

ಗಡಿ

ಅತ್ತಿಯ ಚೀಲದಲ್ಲಿ ಇದ್ದದ್ದು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಹೋಳಿಗೆ ಮಾಡಲು ಬೆಲ್ಲ ಮತ್ತು ತೊಗರಿಬೇಳೆ, ಮಡಿಕೆ ಹಾಕಿದ ಒಂದು ಇಳಕಲ್ ಸೀರೆ, ಅದರೊಳಗೆ ಸುತ್ತಿಟ್ಟ ತಾಳಿ. ಜರ್ಮನಿಯ ಮ್ಯೂನಿಕ್‌ನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಚೀಲ ಬಿಚ್ಚಿ ರೊಟ್ಟಿಯ ಕಟ್ಟನ್ನು ಎತ್ತಿ ಹಿಡಿದ. ಬೆರಳ ಗೆಣ್ಣಿನಿಂದ ತಟ್ಟಿದ. ಟಕಟಕ ಸದ್ದಾಯಿತು. ಇದೇನೆಂದು ಕೇಳಿದ. ಬ್ರೆಡ್ ಎಂದೆ. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವನು ತಿಳಿದದ್ದು ಅವನ ಮುಖದಲ್ಲಿ ಸ್ಪಷ್ಟವಾಗಿ ಕಂಡಿತು.

ಅತ್ತಿಗೆ ಸಂದರ್ಭ ತಿಳಿಯಿತು. ಒಂದು ರೊಟ್ಟಿ ತೆಗೆದು ಮುರಿದು, ಹಿಂಡಿ ಹಚ್ಚಿ, ಅವನ ಎದುರೇ ನಿಂತು ಕಟುಮ್ ಕಟುಮ್ ತಿಂದಳು. ಇನ್ನೊಂದು ತುಂಡನ್ನು ಅವನಿಗೂ ಚಾಚಿದಳು. ಅವನು ತಿನ್ನಲಿಲ್ಲ. ಆದರೆ ಅವನ ಹಿಂದೆ ನಿಂತ ಹೆಣ್ಣುಮಗಳು ಜೋರಾಗಿ ನಕ್ಕುಬಿಟ್ಟದ್ದರಿಂದ ಅವನೂ ನಗಬೇಕಾಯಿತು. ಚೀಲ ಮುಚ್ಚಿ ಕಳಿಸಿದ.

ಹೊರಗೆ ಜಗದೇವಿ ಕಾದಿದ್ದಳು. ಅತ್ತಿಯನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅಲ್ಲಿಂದ ಗಡಿ ದಾಟಿ ಆಸ್ಟ್ರಿಯಾಕ್ಕೆ ರೈಲು. ನಾವು ಮೂವರು ಹೋಗಿ ಕೂತ ಕಡೆ ಎದುರಿಗೆ ಒಬ್ಬ ವಯಸ್ಸಾದ ಹೆಂಗಸು ಇದ್ದಳು. ನಮ್ಮನ್ನು ನೋಡಿ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಆಚೆ ಬದಿಗೆ ಕೂತಳು. ಅವಳು ಯಾಕೆ ಎದ್ದಳೆಂದು ಅತ್ತಿ ಕೇಳಿದ್ದಕ್ಕೆ ಜಗದೇವಿ ಕಿಟಕಿಯ ಹೊರಗೆ ನೋಡುತ್ತ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದಳು. ಆ ಬೋಗಿಯ ಕಿಟಕಿಗಳು ತೆರೆಯುವಂಥವಲ್ಲ. ಬೆಟ್ಟಗಳು ಆಗಲೇ ಎರಡೂ ಬದಿಯಲ್ಲಿ ಎದ್ದು ನಿಲ್ಲತೊಡಗಿದ್ದವು.

ಕಣಿವೆಯ ಮನೆ

ಆ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಹೊಂದಲಿಲ್ಲ. ಇಕ್ಕಟ್ಟಾದ ಕಣಿವೆ, ನಡುವೆ ಬಿಳಿ ನೊರೆಯ ಹೊಳೆ, ಮೇಲೆ ಮೇ ತಿಂಗಳಲ್ಲೂ ಕರಗದ ಹಿಮ. ಮನೆಗಳು ದೂರದೂರ ಚೆಲ್ಲಿದಂತೆ ಇಳಿಜಾರಿನ ಮೇಲೆ ಕೂತಿವೆ. ನಮ್ಮ ಸೀಮೆಯ ಬಯಲಿನಲ್ಲಿ ನಿಂತರೆ ಆಕಾಶ ಕೊಪ್ಪರಿಗೆ ಮುಚ್ಚಿದಂತೆ ಕಾಣುತ್ತದೆ. ಅಲ್ಲಿ ಒಂದು ಪಟ್ಟಿಯಷ್ಟು ಆಕಾಶ. ಬಿಸಿಲು ಕೂಡ ಹೊತ್ತು ನೋಡಿ ಬಂದು ಹೋಗುತ್ತದೆ.

ಮದುಮಗ ಮಾರ್ಟಿನ್ ಉದ್ದನೆಯ, ಸಂಕೋಚದ ಹುಡುಗ. ಕೈಗಳು ಮಾತ್ರ ದೊಡ್ಡವು. ಅತ್ತಿ ಅವನ ಹೆಸರನ್ನು ಎರಡು ಸಲ ಕೇಳಿಕೊಂಡು, ಮಾರುತಿ ಎಂದು ಖಾಯಂ ಮಾಡಿಬಿಟ್ಟಳು. ಆ ಭಾಷೆಯಲ್ಲಿ ನಮ್ಮ ಜ ಅಕ್ಷರ ಯ ಆಗುತ್ತದಂತೆ. ಊರವರೆಲ್ಲ ನನ್ನ ತಂಗಿಯನ್ನು ಯಗದೇವಿ ಎಂದು ಕರೆಯುತ್ತಿದ್ದರು. ಅತ್ತಿಗೆ ಇದು ಸರಿಬರಲಿಲ್ಲ.

ಮನೆಗೆ ಬಂದ ಕೂಡಲೇ ಅತ್ತಿ ತಪ್ಪು ಬಾಗಿಲು ತೆಗೆದು ನೇರ ದನದ ಕೊಟ್ಟಿಗೆಗೆ ಹೋದಳು. ಅಲ್ಲಿಯ ರೈತರ ಮನೆಗಳಲ್ಲಿ ಮಂದಿಗೂ ದನಕ್ಕೂ ಒಂದೇ ಸೂರು. ನಡುವೆ ಒಂದು ಗೋಡೆ ಅಷ್ಟೇ. ಹುಡುಕಿಕೊಂಡು ಹೋದರೆ ಅತ್ತಿ ಒಂದು ಕಂದು ಹಸುವಿನ ಕೊರಳು ತುರಿಸುತ್ತ ನಿಂತಿದ್ದಳು. ಕಮಲಾಪುರದ ನಮ್ಮ ಹಳೆಯ ಮನೆಯಲ್ಲೂ ತಲಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗವೇ. ಸುಮ್ಮನೆ ಹೆದರಿಕೊಂಡು ಬಂದೆವು, ಇವರೂ ನಮ್ಮಂಥ ಒಕ್ಕಲುತನದವರೇ ಎಂದು ನನಗೆ ಹೇಳಿದಳು. ಪ್ರತಿ ಹಸುವಿನ ಮೇಲೆ ಅದರ ಹೆಸರು ಬರೆದ ಹಲಗೆ ತೂಗುಹಾಕಿದ್ದರು. ಅದನ್ನು ಓದಿ ಹೇಳು ಎಂದು ನನ್ನನ್ನು ಪೀಡಿಸಿದಳು.

ಮಾರ್ಟಿನ್‌ನ ತಾಯಿ ರೋಸಾ ಹಾಲು ಕರೆಯುತ್ತಿದ್ದವಳು ಎದ್ದು ಬಂದಳು. ಅವಳೂ ಗಂಡನಿಲ್ಲದವಳು. ಮೊದಲ ದಿನದಿಂದಲೇ ಅವರಿಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ನಿರಾಳವಾಗಿ ಮಾತಾಡತೊಡಗಿದರು. ಒಬ್ಬಳು ಹೇಳಿದ್ದು ಇನ್ನೊಬ್ಬಳಿಗೆ ತಿಳಿಯದಿರುವುದು ಇಬ್ಬರಿಗೂ ಅಡ್ಡಿಯಾದಂತೆ ಕಾಣಲಿಲ್ಲ.

ಇಂಥ ಮೂಲೆಯ ಕಣಿವೆಯಲ್ಲಿ ಒಂದೇ ಬಗೆಯ ಮಂದಿ ಇರುತ್ತಾರೆಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಯುದ್ಧ ತಪ್ಪಿಸಿಕೊಂಡು ಬಂದ ಬೋಸ್ನಿಯಾದ ಹೆಂಗಸರಿದ್ದರು. ವೃದ್ಧಾಶ್ರಮದಲ್ಲಿ ಜಗದೇವಿಯ ಜೊತೆ ಫಿಲಿಪ್ಪೀನ್ಸಿನ ಹುಡುಗಿಯೊಬ್ಬಳಿದ್ದಳು. ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ತುರ್ಕಿಯವರು ಇಪ್ಪತ್ತೈದು ವರ್ಷಗಳಿಂದ ಇದ್ದರು. ಇದ್ದರು ನಿಜ; ಆದರೆ ಭಾನುವಾರ ಚೌಕದಲ್ಲಿ ಬ್ಯಾಂಡು ಬಾರಿಸುವಾಗ ಸುತ್ತ ನಿಂತವರಲ್ಲಿ ಅವರು ಯಾರೂ ಕಾಣಲಿಲ್ಲ.

ಬೇಕರಿಯಲ್ಲಿ ಇನ್ನೊಂದು ನೋಡಿದೆ. ಜಗದೇವಿ ಆ ಕಣಿವೆಯ ಮಾತಿನಲ್ಲೇ ರೊಟ್ಟಿ ಕೇಳಿದಳು. ಅಂಗಡಿಯಾಕೆ ಬೆಲೆಯನ್ನು ಹಿಂದೆ ನಿಂತ ಮಾರ್ಟಿನ್‌ಗೆ ಹೇಳಿದಳು. ಚಿಲ್ಲರೆಯನ್ನೂ ಅವನ ಕೈಗೆ ಕೊಟ್ಟಳು. ಕೆಟ್ಟ ಮಾತಿಲ್ಲ, ಸಿಡುಕಿಲ್ಲ. ನನ್ನ ತಂಗಿ ಅಲ್ಲಿ ನಿಂತೇ ಇಲ್ಲವೇನೋ ಎಂಬಂತೆ, ಅಷ್ಟೇ. ಏನಾದರೂ ಅನ್ನಲೇಬೇಕೆಂದು ನಾನು ಮುಂದೆ ಹೋದೆ. ಆದರೆ ಅದೇ ಗಳಿಗೆಗೆ, ಊರಿನ ಹೋಟೆಲುಗಳ ಹೊರಗೆ ಬೇರೆ ಇಡುತ್ತಿದ್ದ ಕಪ್ಪುಬಸಿಗಳೂ, ಅವುಗಳಲ್ಲಿ ಚಹಾ ಕುಡಿದು ತಾವೇ ತೊಳೆದಿಟ್ಟು ಹೋಗುತ್ತಿದ್ದವರೂ ನೆನಪಾಗಿ, ಆ ಬೇಕರಿಯಾಕೆಯನ್ನು ಬೈಯಲು ಬಾಯಿ ಬರಲಿಲ್ಲ.

ಮಿಲ್ಲಿನ ಹಿಂದಿನ ಮನೆ

ಮದುವೆಗೆ ಎರಡು ದಿನವಿರುವಾಗ ಅತ್ತಿ ಕಾಣೆಯಾದಳು. ನಾನೂ ಜಗದೇವಿಯೂ ಹೊಳೆಯ ದಂಡೆಯಲ್ಲೆಲ್ಲ ಹುಡುಕಿದೆವು; ಕೊನೆಗೆ ಮಿಲ್ಲಿನ ಹಿಂದಿನ ಒಂದು ಮನೆಯಲ್ಲಿ ಸಿಕ್ಕಳು. ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸಿನ ಜೊತೆ ಕೂತು, ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕುಡಿಯುತ್ತಿದ್ದಳು.

ಆ ಹೆಂಗಸು ಎಮಿನೆ, ತುರ್ಕಿಯವಳು. ಗಂಡ ಯೂಸುಫ್ ಮಿಲ್ಲಿನಲ್ಲಿ ಗರಗಸದ ಕೆಲಸದವನು. ದಾರಿ ತಪ್ಪಿದ್ದ ಅತ್ತಿ ಅವರ ಅಂಗಳದಲ್ಲಿ ನಿಂತು, ಹವಾ ಬಹಳ ಥಂಡಿ ಅದ ಎಂದಳಂತೆ. ಎಮಿನೆಗೆ ಹವಾ ಎಂಬುದು ತಿಳಿಯಿತು, ಅವರಲ್ಲೂ ಅದು ಹವಾ. ಒಳಗೆ ಕರೆದು ಚಾಯ್ ಅಂದಳು. ಶಕ್ಕರ್ ಬೇಕೇ ಎಂದಳು. ಅಲ್ಲಿಂದ ಶುರುವಾಯಿತು. ದುಕಾನು, ಸಾಬೂನು, ದುನಿಯಾ, ದೋಸ್ತ್. ಕಿರಾಣಿ ಅಂಗಡಿಯಲ್ಲಿ ಕೂತು ಅತ್ತಿ ಆಡುತ್ತಿದ್ದ ಅರ್ಧ ಮಾತುಗಳು ಆ ಮನೆಯಲ್ಲಿ ಹೆಚ್ಚುಕಡಿಮೆ ಹಾಗೇ ಇದ್ದವು. ನನ್ನ ಇಂಗ್ಲಿಷ್ ಆ ಕಣಿವೆಯಲ್ಲಿ ಮಾಡದ ಕೆಲಸವನ್ನು ಕಮಲಾಪುರದ ಉರ್ದು ಮಾಡಿತ್ತು.

ಗೋಡೆಯ ಮೇಲೆ ಅವರ ಮಗಳ ಮದುವೆಯ ಫೋಟೋ ಇತ್ತು. ಹುಡುಗ ಇದೇ ಕಣಿವೆಯವನು. ಆ ಮದುವೆಯ ಕಥೆಯನ್ನು ಎಮಿನೆ ಜರ್ಮನ್‌ನಲ್ಲಿ ಹೇಳಿದಳು, ಜಗದೇವಿ ನಮಗೆ ಕನ್ನಡದಲ್ಲಿ ತಿಳಿಸಿದಳು.

ಆ ಸೀಮೆಯಲ್ಲಿ ಒಂದು ಪದ್ಧತಿ. ಮದುಮಕ್ಕಳು ಮನೆಯಿಂದ ಹೊರಟಾಗ ನೆರೆಯವರು ದಾರಿಗೆ ಅಡ್ಡ ಕಟ್ಟುತ್ತಾರೆ. ಹಗ್ಗ, ಬೇಲಿ, ಗಾಡಿ, ಮರದ ದಿಮ್ಮಿ, ಏನಾದರೂ ಸರಿ. ಹುಡುಗಿಯನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ ಎಂದು ಜಗಳವಾಡಿದಂತೆ ಮಾಡಿ, ದಿಮ್ಮಿ ಕೊಯ್ಯಲು ಹಚ್ಚಿ, ಒಂದು ಗುಟುಕು ಕುಡಿಸಿ ಆಮೇಲೆ ದಾರಿ ಬಿಡುತ್ತಾರೆ. ಎಷ್ಟು ಬೇಕಾದವರೋ ಅಷ್ಟು ದೊಡ್ಡ ಅಡ್ಡಿ. ಎಮಿನೆಯ ಮಗಳು ಅದೇ ಊರಿನಲ್ಲಿ ಹುಟ್ಟಿ, ಅದೇ ಶಾಲೆಯಲ್ಲಿ ಓದಿದವಳು. ಅವಳ ಮದುವೆಯ ದಿನ ಕಾರು ಮನೆಯಿಂದ ಹೊರಟು ಎಲ್ಲೂ ನಿಲ್ಲದೆ ಕಣಿವೆಯ ಬಾಯಿಗೆ ಬಂದುಬಿಟ್ಟಿತು. ದಾರಿಯಲ್ಲಿ ಒಂದು ನೂಲೂ ಅಡ್ಡ ಇರಲಿಲ್ಲ. ಹುಡುಗಿ ಕಾರಿನಲ್ಲೇ ಅತ್ತಳು. ತಿಂಗಳೊಳಗೆ ಗಂಡಹೆಂಡತಿ ಪಟ್ಟಣಕ್ಕೆ ಮನೆ ಬದಲಿಸಿದರು.

ಅಂದು ಸಂಜೆ ಪಾತ್ರೆ ತೊಳೆಯುವಾಗ ಜಗದೇವಿಯ ಕೈ ನಿಂತಿತು. ಇವೆಲ್ಲ ಹಳೆಯ ಕಾಲದ ಆಟ, ತನಗೆ ಬೇಕಾಗಿಲ್ಲ ಎಂದು ಅಷ್ಟು ಹೊತ್ತೂ ನಗುತ್ತ ಹೇಳಿದ್ದಳು.

"ಅಕ್ಕಾ, ನನ್ನ ದಾರಿನೂ ಖಾಲಿ ಇದ್ರ?" ಎಂದಳು. "ಇಲ್ಲಿ ಮಂದಿ ಸಾಯೋ ಹೊತ್ತಿನಾಗ ನಾ ಬಾಜೂಕ ಕೂತೀನಿ. ಅವರ ಮಕ್ಕಳು ಆವಾಗ ಇನ್ನೂ ಬರೋ ರಸ್ತಾದಾಗ ಇರೋರು."

ನಾನು ಕೈಯಲ್ಲಿದ್ದ ಬಟ್ಟೆಯಿಂದ ಅದೇ ತಟ್ಟೆಯನ್ನು ಮತ್ತೆ ಒರೆಸಿದೆ.

ಪಂಚಾಯಿತಿಗೆ ಹೋಗುವ ದಾರಿ

ಮದುವೆ ನಡೆಯುವುದು ಅಲ್ಲಿಯ ಪಂಚಾಯಿತಿ ಕಚೇರಿಯಲ್ಲಿ. ಜಗದೇವಿ ಇಳಕಲ್ ಸೀರೆ ಉಟ್ಟು, ಮೇಲೆ ರೋಸಾಳ ಉಣ್ಣೆಯ ಶಾಲು ಹೊದ್ದಳು. ಮಾರ್ಟಿನ್ ಕಾರು ಓಡಿಸಿದ. ಮುಂದೆ ರೋಸಾ, ಹಿಂದೆ ನಾವು ಮೂವರು.

ಮೊದಲ ತಿರುವು ಖಾಲಿ ಇತ್ತು. ಎರಡನೆಯದೂ ಖಾಲಿ. ಹುಲ್ಲುಗಾವಲಿನಲ್ಲಿ ಒಂದು ನಾಯಿ ಮಾತ್ರ ನಮ್ಮನ್ನು ನೋಡಿತು. ರೋಸಾ ಮಾತು ನಿಲ್ಲಿಸಿದಳು. ಜಗದೇವಿ ನನ್ನ ಕೈ ಹಿಡಿದಿದ್ದವಳು ಬಿಗಿ ಮಾಡಿದಳು. ಮಾರ್ಟಿನ್‌ನ ಕಿವಿಗಳು ಹಿಂದಿನಿಂದ ಕೆಂಪಗೆ ಕಾಣುತ್ತಿದ್ದವು. ಕಾರನ್ನು ಯಾಕೆ ಇಷ್ಟು ನಿಧಾನ ಓಡಿಸುತ್ತಾನೆ ಎಂದು ಅತ್ತಿ ಕೇಳಿದಳು.

ಹೊಳೆಯ ಸೇತುವೆಗೆ ಇಳಿಯುವ ತಿರುವಿನಲ್ಲಿ ಮಾರ್ಟಿನ್ ಬ್ರೇಕು ಒತ್ತಿದ.

ಸೇತುವೆಯ ಬಾಯಿಗೆ ಅಡ್ಡಲಾಗಿ ಒಂದು ಹುಲ್ಲಿನ ಗಾಡಿ ನಿಂತಿತ್ತು. ಅದರ ಮುಂದೆ ಕವೆಗೋಲುಗಳ ಮೇಲೆ ದಪ್ಪನೆಯ ದಿಮ್ಮಿ. ಅದರ ಮುಂದೆ ಹೂವು ಕಟ್ಟಿದ ಹಗ್ಗ. ಸುತ್ತ ಮೂವತ್ತು ನಲವತ್ತು ಜನ. ವೃದ್ಧಾಶ್ರಮದಿಂದ ಗಾಲಿ ಕುರ್ಚಿಯಲ್ಲಿ ಮೂವರು ಮುದುಕರನ್ನು ಕರೆತಂದಿದ್ದರು. ಅವರ ಹಿಂದೆ ಫಿಲಿಪ್ಪೀನ್ಸಿನ ಹುಡುಗಿ. ಬೇಕರಿಯಾಕೆ ಕೈಯಲ್ಲಿ ತಟ್ಟೆ ಹಿಡಿದು ಬದಿಗೆ ನಿಂತಿದ್ದಳು. ಹಗ್ಗದ ಒಂದು ತುದಿಯನ್ನು ಹ್ಯಾಟು ಹಾಕಿದ ನೆರೆಮನೆಯ ಮುದುಕ ಹಿಡಿದಿದ್ದ. ಇನ್ನೊಂದು ತುದಿ ಯೂಸುಫ್‌ನ ಕೈಯಲ್ಲಿತ್ತು.

ಜಗದೇವಿ ಅಳತೊಡಗಿದಳು. ಅತ್ತಿಗೆ ಗಾಬರಿ. ಈ ಮಂದಿ ಮದುವೆ ತಡೆಯಲು ಬಂದಿದ್ದಾರೆಂದೇ ಅವಳು ತಿಳಿದದ್ದು. ಎಮಿನೆ ಹೇಳಿದ ಕಥೆ ಅವಳಿಗೆ ಅರ್ಧವೇ ತಲೆಗೆ ಹೋಗಿತ್ತು. ಬಾಗಿಲು ತೆಗೆದು ಇಳಿದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹ್ಯಾಟಿನ ಮುದುಕನ ಎದುರು ಹೋಗಿ, ಹುಡುಗಿಯದೇನು ತಪ್ಪು ಎಂದು ಕನ್ನಡದಲ್ಲಿ ಜಗಳ ತೆಗೆದಳು. ಜಗಳವಾಡುವುದೇ ಆ ಹೊತ್ತಿನ ಆಟವಾದ್ದರಿಂದ ಮುದುಕನಿಗೆ ಬಹಳ ಸಂತೋಷವಾಯಿತು. ಅವನೂ ತನ್ನ ಭಾಷೆಯಲ್ಲಿ ಜೋರು ಮಾಡಿದ. ಜನ ಚಪ್ಪಾಳೆ ತಟ್ಟಿದರು. ನಾನು ಓಡಿಹೋಗಿ ಅತ್ತಿಯ ಕಿವಿಯಲ್ಲಿ ವಿಷಯ ಹೇಳಬೇಕಾಯಿತು. ಅವಳು ನಾಚಿಕೊಳ್ಳಲಿಲ್ಲ. ಇಷ್ಟು ಬೇಗ ಯಾಕೆ ಹೇಳಿದೆ ಎಂದು ನನ್ನನ್ನೇ ಬೈದಳು.

ಮಾರ್ಟಿನ್ ಮತ್ತು ಜಗದೇವಿ ಗರಗಸದ ಎರಡು ತುದಿ ಹಿಡಿದು ದಿಮ್ಮಿ ಕೊಯ್ದರು. ಗಟ್ಟಿ ಮರ, ಬಹಳ ಹೊತ್ತು ಹಿಡಿಯಿತು. ಯೂಸುಫ್ ಪಕ್ಕದಲ್ಲಿ ನಿಂತು ಗರಗಸ ಎಲ್ಲಿ ಸಿಕ್ಕುತ್ತದೆ, ಹೇಗೆ ಎಳೆಯಬೇಕು ಎಂದು ತೋರಿಸುತ್ತಿದ್ದ. ಇಳಕಲ್ ಸೀರೆಯ ಸೆರಗೆಲ್ಲ ಕಟ್ಟಿಗೆ ಪುಡಿ.

ಹಿಂದಿನ ದಿನ ಮಿಲ್ಲಿನಲ್ಲಿ ಏನು ನಡೆಯಿತೆಂಬುದು ನನಗೆ ಆಮೇಲೆ ತಿಳಿಯಿತು. ದಿಮ್ಮಿ ಕೇಳಲು ನೆರೆಯವರು ಹೋದಾಗ ಯೂಸುಫ್ ಗರಗಸ ನಿಲ್ಲಿಸಿ, ನನ್ನ ಮಗಳಿಗೆ ಅಡ್ಡ ಹಾಕಲು ಈ ಊರಿನಲ್ಲಿ ಒಂದು ತುಂಡು ಕಟ್ಟಿಗೆಯೂ ಇರಲಿಲ್ಲವೇ ಎಂದು ಕೇಳಿದನಂತೆ. ಇಪ್ಪತ್ತೈದು ವರ್ಷಗಳಲ್ಲಿ ಅವನು ಅವರೆದುರು ಅಷ್ಟು ಮಾತಾಡಿದ್ದು ಅದೇ ಮೊದಲು. ನಿಮ್ಮ ಮಂದಿಗೆ ಇದು ಹಿಡಿಸಲಿಕ್ಕಿಲ್ಲ ಅಂದುಕೊಂಡೆವು ಎಂದನಂತೆ ಹ್ಯಾಟಿನ ಮುದುಕ. ಕೇಳಬಹುದಿತ್ತಲ್ಲ ಎಂದ ಯೂಸುಫ್. ಮುದುಕ ಹ್ಯಾಟು ತೆಗೆದು ಕೈಯಲ್ಲಿ ಹಿಡಿದು, ಹೌದು, ಕೇಳಬೇಕಾಗಿತ್ತು ಎಂದ. ಅದಾದ ಮೇಲೆ ಯೂಸುಫ್ ತಾನೇ ಮರ ಆರಿಸಿದ. ತಾನೇ ಹೊತ್ತು ತಂದ.

ಎಮಿನೆ ಬರಲಿಲ್ಲ. ಅವಳನ್ನು ಯಾರೂ ಒತ್ತಾಯ ಮಾಡಲಿಲ್ಲ. ಮರುದಿನ ಅತ್ತಿ ಹೋಳಿಗೆ ಕಟ್ಟಿಕೊಂಡು ತಾನೇ ಅವಳ ಮನೆಗೆ ಹೋಗಿ, ಮಧ್ಯಾಹ್ನದವರೆಗೂ ಅಲ್ಲೇ ಕೂತು ಬಂದಳು.

ಹೊಸ್ತಿಲು

ಕಚೇರಿಯಲ್ಲಿ ಸಹಿ ಮುಗಿಸಿ, ಅತ್ತಿ ತಂದ ತಾಳಿಯನ್ನು ಮಾರ್ಟಿನ್ ಅಲ್ಲೇ ಕಟ್ಟಿ, ಹೋಟೆಲಿನಲ್ಲಿ ಊಟವಾಗಿ ಮನೆಗೆ ಬಂದೆವು. ನೆರೆಯವರೂ ಅರ್ಧ ಜನ ಹಿಂದೆಯೇ ಬಂದರು. ಗಂಡಹೆಂಡತಿ ಒಳಗೆ ಕಾಲಿಡುವಷ್ಟರಲ್ಲಿ ಅತ್ತಿ ಮುಂದೆ ಹೋಗಿ ಬಾಗಿಲ ಚೌಕಟ್ಟಿಗೆ ಎರಡೂ ಕೈ ಹಚ್ಚಿ ನಿಂತಳು.

"ಸೇತುವಿ ಮ್ಯಾಲ ನಿಮ್ಮ ಪದ್ಧತಿ ಆತು. ಈಗ ನಮ್ದು. ಹೆಸರ ಹೇಳಿ ಒಳಗ ಬರ್ರಿ," ಎಂದಳು.

ನಮ್ಮ ಕಡೆ ಮದುಮಗಳು ಒಡಪು, ಅಂದರೆ ಪ್ರಾಸದ ಎರಡು ಸಾಲು, ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳದೆ ಹೊಸ್ತಿಲು ದಾಟುವಂತಿಲ್ಲ. ಜಗದೇವಿ ಅದನ್ನು ಎಲ್ಲರಿಗೂ ವಿವರಿಸಿದಳು. ಹಾಗೆ ವಿವರಿಸುತ್ತಿರುವಾಗಲೇ ಅತ್ತಿಯ ಮುಖ ಬದಲಾದದ್ದನ್ನು ನಾನು ನೋಡಿದೆ. ಕಮಲಾಪುರದಲ್ಲಿ ಎಷ್ಟು ಮದುವೆಗಳಾಗಿವೆ, ಅಡುಗೆಯೆಲ್ಲ ಅತ್ತಿಯದೇ, ಹೊಸ್ತಿಲಿಗೆ ಮದುಮಕ್ಕಳು ಬರುವ ಹೊತ್ತಿಗೆ ಅವಳು ಹಿತ್ತಲಲ್ಲಿರುತ್ತಿದ್ದಳು. ನನ್ನ ಮದುವೆಯಲ್ಲೂ ಹಾಗೇ ಆಗಿತ್ತು. ತಾನು ಎಲ್ಲಿ ನಿಂತಿದ್ದೇನೆಂದು ಅವಳಿಗೆ ಈಗ ಹೊಳೆಯಿತು. ಒಂದು ಕೈ ಕೆಳಗಿಳಿಸಿದಳು. ನನ್ನ ಕಡೆ ನೋಡಿ, ನೀ ಬಾ ಎಂಬಂತೆ ಕಣ್ಣಿನಲ್ಲೇ ಕರೆದಳು.

ನಾನು ಕದಲಲಿಲ್ಲ. ಅಷ್ಟರಲ್ಲಿ ರೋಸಾ, ಅವಳಿಗೆ ಇದೊಂದೂ ತಿಳಿಯದು, ಆಟದಲ್ಲಿ ತನಗೂ ಪಾಲಿದೆ ಎಂದುಕೊಂಡು ಬಂದು ಅತ್ತಿಯ ಪಕ್ಕದಲ್ಲಿ ನಿಂತಳು. ಇಳಿದಿದ್ದ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಚೌಕಟ್ಟಿಗೆ ಹಚ್ಚಿದಳು. ಗಂಡಂದಿರಿಲ್ಲದ ಇಬ್ಬರು ಹೆಂಗಸರು ಬಾಗಿಲು ತುಂಬ ನಿಂತರು. ಅತ್ತಿ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ, ಯಾಕೆ, ಒಡಪು ಮರೆತೀ ಏನು ಎಂದು ಜಗದೇವಿಯನ್ನು ಗದರಿಸಿದಳು.

ಜಗದೇವಿ ಹೇಳಿದಳು:

"ಗುಡ್ಡದ ತುದಿಗಿ ಬರ್ಫ ಬೆಳ್ಳಗ, ಗುಡ್ಡದ ಬುಡಕ ಹಸರ,
ಕಟ್ಟಿಗಿ ಕೆತ್ತಿ ಮನಿ ಕಟ್ಟಾವರು, ಮಾರ್ಟಿನ್ ಅವರ ಹೆಸರ."

ಮಾರ್ಟಿನ್‌ನ ಸರದಿ ಬಂದಾಗ ಅವನು ಯಗದೇವಿ ಎಂದ. ಅತ್ತಿ ತಲೆಯಾಡಿಸಿದಳು. ಮತ್ತೆ ಯಗದೇವಿ. ದಾರಿ ಸಿಗಲಿಲ್ಲ. ಅಂಗಳದಲ್ಲಿ ನಿಂತವರೆಲ್ಲ ಅವನ ಜೊತೆ ಪ್ರಯತ್ನಿಸತೊಡಗಿದರು. ಹ್ಯಾಟಿನ ಮುದುಕ ಸೀನುವಂಥ ಒಂದು ಸದ್ದು ಮಾಡಿದ. ಬೇಕರಿಯಾಕೆ ತುಟಿ ಅಲುಗಿಸುತ್ತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಎಲ್ಲರಿಗಿಂತ ಮೊದಲು ಸರಿಯಾಗಿ ಜಗದೇವಿ ಎಂದವನು ಯೂಸುಫ್. ಅವನನ್ನು ನೋಡಿ ನೋಡಿ ಮಾರ್ಟಿನ್‌ಗೂ ಬಂತು. ಇಬ್ಬರು ಹೆಂಗಸರೂ ಕೈ ತೆಗೆದರು.

ಸ್ಟೇಶನ್ ಬಜಾರ

ಊರಿಗೆ ಮರಳಿದ ಮೇಲೆ ಅಪ್ಪ ಎರಡು ದಿನ ಏನೂ ಕೇಳಲಿಲ್ಲ. ಬಂದು ಹೋಗುವವರೇ ಎಲ್ಲ ಕೇಳಿದರು. ಯಾವ ಜಾತಿ ಎಂದವರಿಗೆ ಅತ್ತಿ, ಅಲ್ಲಿ ನನ್ನ ಜಾತಿಯನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ ಎಂದಳು. ನಮ್ಮ ಬಣ್ಣ ನೋಡಿ ಏನಂದರು ಎಂದವರಿಗೆ, ಕೆಲವರು ಎದ್ದು ಹೋದರು, ಕೆಲವರು ಎದ್ದು ಬಂದರು ಎಂದಳು.

ಮೂರನೆಯ ದಿನ ದನಗಳಿಗೆ ನೀರು ಕುಡಿಸುತ್ತ ಅಪ್ಪ ನನ್ನ ಕಡೆ ನೋಡದೆ, ಅವರ ಮನೆಯಲ್ಲಿ ದನ ಎಷ್ಟಿವೆ ಎಂದು ಕೇಳಿದರು. ಹೇಳಿದೆ. ಹೆಸರಿನ ಹಲಗೆಗಳ ಬಗ್ಗೆ ಹೇಳಿದೆ. ಚಳಿಗಾಲದಲ್ಲಿ ಮೇವು ಎಲ್ಲಿಂದ ತರುತ್ತಾರೆ, ಯಾರು ಹಾಲು ಕರೆಯುತ್ತಾರೆ ಎಂದು ಒಂದೊಂದೇ ಕೇಳುತ್ತ ಹೋದರು. ಒಂದು ಹಸು ಹಿಂಗಾಲು ಎತ್ತಿಟ್ಟು ನಡೆಯುತ್ತಿತ್ತೆಂದು ಅತ್ತಿ ಒಳಗಿನಿಂದಲೇ ಹೇಳಿದಳು. ಗೊರಸು ಎತ್ತಿ ನೋಡಿದಿರೇನು ಎಂದು ಅಪ್ಪ ಕೇಳಿದರು.

ಆ ಭಾನುವಾರ ನನ್ನ ಜೊತೆ ಕಲಬುರಗಿಗೆ ಬಂದರು. ಸ್ಟೇಶನ್ ಬಜಾರದ ಎಸ್‌ಟಿಡಿ ಬೂತಿನ ಮುಂದೆ ಸಾಲು ಇತ್ತು. ನಮ್ಮ ಸರದಿ ಬಂದಾಗ ಮೊದಲು ನಾನು ಮಾತಾಡಿದೆ. ಜಗದೇವಿ ಹೊಸ ಸುದ್ದಿ ಹೇಳಿದಳು. ಎಮಿನೆಯ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳಂತೆ, ಹೆಣ್ಣು ಕೂಸು. ಕೂಸು ಹುಟ್ಟಿದ ಮನೆಯ ಮುಂದೆ ನೆರೆಯವರು ಮರದ ಕೊಕ್ಕರೆ ಮಾಡಿ ನಿಲ್ಲಿಸುವುದು ಅಲ್ಲಿಯ ವಾಡಿಕೆ. ಮಿಲ್ಲಿನ ಹಿಂದಿನ ಮನೆಯ ಮುಂದೆ ಕೂಸಿನ ಹೆಸರು ಬರೆದ ಕೊಕ್ಕರೆ ನಿಂತಿದೆ. ಈ ಸಲ ಮೊದಲೇ ಹೋಗಿ ಕೇಳಿ ನಿಲ್ಲಿಸಿದರಂತೆ. ಎಮಿನೆ ಎಲ್ಲರಿಗೂ ಚಹಾ ಕೊಟ್ಟಳಂತೆ.

ಅಪ್ಪ ರಿಸೀವರಿಗೆ ಕೈ ಚಾಚಿದರು. ಮಗಳಿಗೆ, ಆರಾಮ ಇದ್ದೀ ಏನು ಎಂದಷ್ಟೇ ಕೇಳಿ, ಅವನಿಗೆ ಕೊಡು ಎಂದರು. ಆಮೇಲೆ ಕಡಲಾಚೆ ಕೇಳಿಸಬೇಕೆಂದು ದೊಡ್ಡ ದನಿಯಲ್ಲಿ, ಹಸುವಿನ ಗೊರಸು ಹೇಗೆ ತೊಳೆಯಬೇಕು, ಅರಿಶಿನ ಬೇವು ಅರೆದು ಹೇಗೆ ಕಟ್ಟಬೇಕು, ಎಷ್ಟು ದಿನ ಕೆಸರಿಗೆ ಬಿಡಬಾರದು ಎಂದು ಕನ್ನಡದಲ್ಲಿ ಪೂರ್ತಿ ಹೇಳಿದರು. ನಡುನಡುವೆ ಆ ಕಡೆಯಿಂದ ಒಂದೇ ಮಾತು ಬರುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು: ಹೌದ್ರೀ, ಹೌದ್ರೀ.

ಹೊರಗೆ ಬಂದಾಗ ಸಾಲಿನಲ್ಲಿ ಕಾದು ಬೇಸತ್ತ ಒಬ್ಬರು, ಇಷ್ಟೊತ್ತು ಯಾರ ಕೂಡ ಮಾತಾಡಿದಿರಿ ಗೌಡ್ರ ಎಂದು ಕೇಳಿದರು.

ಅಪ್ಪ ರುಮಾಲು ಸರಿಮಾಡಿಕೊಂಡರು.

"ನಮ್ಮ ಅಳಿಯಾನ ಕೂಡ್ರಿ," ಎಂದರು.